ಜಗಲಿಗೆ ಕಳಿಸಿದ ಹುಡುಗ ಏನು ಕಲಿತ

ಶಿವಮೊಗ್ಗದಲ್ಲಿ ಪ್ರೈಮರಿ ಮತ್ತು ಹೈಸ್ಕೂಲ್ ಶಿಕ್ಷಕರ ಎದುರು ಆಡಿದ ಮಾತಿನ ಬರಹ ರೂಪ

ಈ ವರ್ತನಾವಾದ ಅನ್ನೋದನ್ನ, ಅಂದ್ರೆ ಕಣ್ಣಿಗೆ ಕಾಣೋ ವರ್ತನೆ ನೋಡಿ ಕಲಿಕೆನ ಅರ್ಥ ಮಾಡ್ಕೊಳ್ಳೋ ಸಿದ್ಧಾಂತನ, ನಾವೆಲ್ಲ ಓದಿರೋದು 'ಹೊಂದಿಸಿ ಬರೆಯಿರಿ'ಯಲ್ಲಿ. ಈ ಕಡೆ ಪಾವ್ಲೋವ್, ಥಾರ್ನ್‌ಡೈಕ್, ಸ್ಕಿನ್ನರ್, ಆ ಕಡೆ ಅವರು ಪ್ರಯೋಗಕ್ಕೆ ಬಳಸಿದ ಬೆಕ್ಕು, ನಾಯಿ, ಇಲಿ. ಗೆರೆ ಎಳೆದ್ವಿ, ಮಾರ್ಕ್ಸ್ ಬಂತು, ಬಿ.ಇಡಿ ಮುಗೀತು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಇನ್ನೊಂದ್ಸಲ ಅದೇ ಗೆರೆ ಎಳೆದ್ವಿ, ಕೆಲಸ ಸಿಕ್ತು. ಕ್ಲಾಸಿಗೆ ಹೋಗಿ ನಿಂತ್ರೆ ಅಲ್ಲಿ ಇಲಿನೂ ಇಲ್ಲ ಬೆಕ್ಕೂ ಇಲ್ಲ. ನಾಯಿ ಮಾತ್ರ ಇರುತ್ತೆ, ಬಿಸಿಯೂಟದ ಹೊತ್ತಿಗೆ ಸರಿಯಾಗಿ ಬಂದು ಜಗಲಿ ಮೇಲೆ ಕೂತಿರುತ್ತೆ, ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ನಾನು ಹೇಳೋಕೆ ಬಂದಿದ್ದು ಇಷ್ಟೇ, ಆ ಪ್ರಾಣಿಗಳ ಹೆಸರೆಲ್ಲ ನೆನಪಿತ್ತು ನಂಗೆ, ಅವು ಏನು ಹೇಳಿದ್ವು ಅಂತ ಅರ್ಥ ಆಗೋಕೆ ಮಾತ್ರ ನನ್ನ ಸರ್ವೀಸ್‌ನ ಅರ್ಧ ಮುಗಿದು ಹೋಗಿತ್ತು. ಅರ್ಥ ಮಾಡಿಸಿದ್ದು ಪುಸ್ತಕ ಅಲ್ಲ, ಒಬ್ಬ ಆರನೇ ಕ್ಲಾಸ್ ಹುಡುಗ.

ಹುಡುಗನ ಕತೆಗೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ. 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಒಂದು ಲೇಖನ ಬರೆದು, ಮನಸ್ಸಿನ ಒಳಗೆ ಏನಿದೆ ಅಂತ ಊಹೆ ಮಾಡೋದು ಬಿಡಿ, ಹೊರಗೆ ಕಣ್ಣಿಗೆ ಕಾಣೋ ವರ್ತನೆ ನೋಡಿ, ಅದನ್ನೇ ಅಧ್ಯಯನ ಮಾಡಿ ಅಂದ. ವರ್ತನಾವಾದ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಕೇಳೋಕೆ ಒಣ ಒಣ ಅನ್ಸುತ್ತೆ ಅಲ್ವಾ? ಆದ್ರೆ ನಮ್ಮ ಸ್ಟಾಫ್ ರೂಮಿಗೆ ಇದನ್ನ ತಗೊಂಡು ಬಂದು ನೋಡಿ. 'ಅವನು ಸೋಮಾರಿ ಕಣ್ರೀ', 'ಅವಳಿಗೆ ಆಸಕ್ತಿನೇ ಇಲ್ಲ', 'ಅವರಪ್ಪನ ಹಾಗೇ ಅವನೂ', ನಾವು ಆಡೋ ಮಾತು ಇವೇ. ಇದ್ರಲ್ಲಿ ಒಂದಾದ್ರೂ ಕಣ್ಣಿಗೆ ಕಂಡಿದ್ದು ಇದ್ಯಾ? ಕಂಡಿದ್ದು ಅಂದ್ರೆ, ಹತ್ತು ನಿಮಿಷದಲ್ಲಿ ನಾಲ್ಕು ಸಲ ಎದ್ದ, ಎರಡು ಸಲ ಪಕ್ಕದವನ ಪೆನ್ಸಿಲ್ ಕಿತ್ಕೊಂಡ, ಬೋರ್ಡ್ ಮೇಲಿದ್ದ ಆರು ಲೆಕ್ಕದಲ್ಲಿ ಒಂದು ಬರೆದ. ಸೋಮಾರಿತನಕ್ಕೆ ಮೇಷ್ಟ್ರ ಹತ್ರ ಮದ್ದಿಲ್ಲ. ಆರರಲ್ಲಿ ಒಂದು ಬರೆದವನ ಕೈಲಿ ನಾಳೆ ಎರಡು ಬರೆಸೋಕೆ ಏನಾದ್ರೂ ಮಾಡ್ಬಹುದು.

ಈಗ ಆ ಜಗಲಿ ನಾಯಿ. ಪಾವ್ಲೋವ್ ಮನಃಶಾಸ್ತ್ರಜ್ಞನೇ ಅಲ್ಲ, ಜೀರ್ಣಕ್ರಿಯೆ ಮೇಲೆ ಕೆಲಸ ಮಾಡ್ತಿದ್ದ ರಷ್ಯಾದ ಶರೀರಶಾಸ್ತ್ರಜ್ಞ, 1904ರಲ್ಲಿ ನೊಬೆಲ್ ಬಂದಿದ್ದೂ ಅದಕ್ಕೇ. ನಾಯಿ ಬಾಯಲ್ಲಿ ಊಟ ಇಟ್ರೆ ಜೊಲ್ಲು ಬರೋದು ಸರಿ, ಆದ್ರೆ ಊಟ ತರೋನು ಕಂಡ್ರೂ ಜೊಲ್ಲು ಬರ್ತಿತ್ತು, ಅದು ಯಾಕೆ ಅಂತ ಹಿಂದೆ ಬಿದ್ದ. ನಮ್ಮಲ್ಲಿ ಇದಕ್ಕೆ ಲ್ಯಾಬ್ ಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಹಿಂಡಿ ಬಕೆಟ್ ಸದ್ದಾದ್ರೆ ಸಾಕು ಹಸು ಕೆಚ್ಚಲಿಗೆ ಹಾಲು ಇಳಿಸುತ್ತೆ, ಹಾಲು ಕರೆಯೋರಿಗೆಲ್ಲ ಗೊತ್ತು. ನಮ್ಮ ಶಾಲೆ ನಾಯಿ ಬರ್ತಿದ್ದಿದ್ದು ಅನ್ನದ ವಾಸನೆಗಲ್ಲ, ಮಕ್ಕಳು ತಟ್ಟೆ ತೆಗೆಯೋ ಸದ್ದಿಗೆ. ಒಂದಿನ ಬರೀ ತಟ್ಟೆ ತೊಳೆದಿಡೋಕೆ ಅಂತ ತೆಗೆದ್ರೆ ಆವತ್ತೂ ಹಾಜರ್.

ಇದು ತಮಾಷೆ. ತಮಾಷೆ ಅಲ್ಲದ ಒಂದು ಹೇಳ್ತೀನಿ. ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಗಣಿತದ ಮೇಷ್ಟ್ರು ಲೂನಾದಲ್ಲಿ ಬರ್ತಿದ್ರು. ಘಟ್ಟದ ಏರಲ್ಲಿ ಅದು ಉಸಿರು ಕಟ್ಕೊಂಡು ಹತ್ತೋ ಸದ್ದು ಅರ್ಧ ಮೈಲಿಯಿಂದ ಕೇಳ್ತಿತ್ತು, ಕೇಳಿದ ತಕ್ಷಣ ನಂಗೆ ಹೊಟ್ಟೆ ಒಳಗೆ ಏನೋ ಹಿಂಡಿದ ಹಾಗೆ. ಮೊದಮೊದಲು ಅವರ ಬೆತ್ತಕ್ಕೆ ಹೆದರ್ತಿದ್ದೆ, ಆಮೇಲೆ ಮೇಷ್ಟ್ರಿಗೆ, ಆಮೇಲೆ ಲೂನಾಗೆ, ಕೊನೆಗೆ ಗಣಿತದ ಪುಸ್ತಕದ ರಟ್ಟಿಗೆ. ಲೂನಾ ನಂಗೆ ಏನೂ ಮಾಡಿರ್ಲಿಲ್ಲ ಪಾಪ, ಪುಸ್ತಕನೂ ಮಾಡಿರ್ಲಿಲ್ಲ. ಅನುಬಂಧನ ಅಂತ ನಾವು ಪರೀಕ್ಷೇಲಿ ಐದು ಮಾರ್ಕ್ಸಿಗೆ ಬರೆಯೋದು ಇದನ್ನೇ. ನೀವು ಭಾಗಾಕಾರ ಹೇಳಿಕೊಡ್ತಾ ಇದ್ದೀರಿ ಅಂತ ನೀವು ಅಂದ್ಕೊಂಡಿರ್ತೀರಿ, ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಪಾಠ ನಡೀತಿರುತ್ತೆ, ಈ ವಿಷಯ ಅಂದ್ರೆ ಹೊಟ್ಟೆ ಹಿಂಡೋದು ಅನ್ನೋ ಪಾಠ. ಮಕ್ಕಳು ಎರಡನೇದನ್ನ ಬೇಗ ಕಲೀತಾವೆ, ಮರೆಯೋದೂ ಇಲ್ಲ.

ವಾಟ್ಸನ್ ಮತ್ತೆ ಅವನ ಜೊತೆಗಿದ್ದ ರೋಸಲಿ ರೇನರ್ 1920ರಲ್ಲಿ ಒಂದು ಎಳೇ ಕೂಸಿನ ಮೇಲೆ ಇದನ್ನ ಪ್ರಯೋಗ ಮಾಡಿದ್ರು. ಬಿಳಿ ಇಲಿ ಮುಟ್ಟೋಕೆ ಹೋದಾಗ ಹಿಂದೆ ಕಬ್ಬಿಣದ ಸಲಾಕೆಗೆ ಸುತ್ತಿಗೆಯಲ್ಲಿ ಹೊಡೆಯೋದು, ಕೂಸು ಬೆಚ್ಚಿ ಅಳೋದು, ಕೊನೆಗೆ ಸದ್ದಿಲ್ಲದೆ ಇಲಿ ಕಂಡ್ರೂ ಅಳು. ಆ ಭಯ ತೆಗೆಯೋ ಕೆಲಸವನ್ನೂ ಮಾಡದೆ ಬಿಟ್ಟುಬಿಟ್ರು. ಇವತ್ತಾಗಿದ್ರೆ ಜೈಲಿಗೆ ಹಾಕ್ತಿದ್ರು ಅಂತ ನನ್ನ ಲೆಕ್ಕ. ನಮಗೆ ಬೇಕಾಗಿರೋದು ಅದಲ್ಲ, 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಹೆಣ್ಣುಮಗಳು ಮಾಡಿದ ಕೆಲಸ. ಪೀಟರ್ ಅಂತ ಪುಟ್ಟ ಹುಡುಗ, ಮೊಲ ಕಂಡ್ರೆ ಕಿರುಚೋನು. ಅವನು ಇಷ್ಟದ ತಿಂಡಿ ತಿಂತಾ ಕೂತಾಗ ಮೊಲದ ಪಂಜರನ ದೂರದಲ್ಲಿ ಇಟ್ರು, ಇನ್ನೊಂದಿನ ಸ್ವಲ್ಪ ಹತ್ರ, ಮತ್ತೊಂದಿನ ಇನ್ನೂ ಹತ್ರ. ಕೊನೆಗೆ ಅವನೇ ಮೊಲ ಮುಟ್ಟಿ ಆಡ್ಸಿದ. ಇದ್ರ ಗುಟ್ಟೆಲ್ಲ 'ಸ್ವಲ್ಪ ಹತ್ರ'ದಲ್ಲಿದೆ. ತಿಂಡಿ ಜಾಸ್ತಿ ಕೊಟ್ಟು ಮೊಲನ ಒಂದೇ ಸಲ ತೊಡೆ ಮೇಲೆ ಕೂರಿಸಿದ್ರೆ ಮೊಲದ ಜೊತೆ ತಿಂಡಿಗೂ ಹೆದರ್ತಿದ್ದ.

ಥಾರ್ನ್‌ಡೈಕ್ ಬಗ್ಗೆ ಎರಡೇ ಮಾತು. 1898ರಲ್ಲಿ ಹಸಿದ ಬೆಕ್ಕುಗಳನ್ನ ಪೆಟ್ಟಿಗೆಯಲ್ಲಿ ಕೂಡಿ ಹಾಕಿ, ಅವು ಪರಚಿ ಕಚ್ಚಿ ಹೊರಳಾಡಿ ಹೇಗೋ ಅಗಳಿ ತೆಗೆದು ಹೊರಗೆ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆದ. ಸಲ ಸಲಕ್ಕೂ ಹೊತ್ತು ಕಡಿಮೆ ಆಯ್ತು, ಆದ್ರೆ ತಟ್ಟಂತ ಅಲ್ಲ, ಅಂಕುಡೊಂಕಾಗಿ. ಯಾವ ಕೆಲಸದ ಹಿಂದೆ ಒಳ್ಳೇದಾಗುತ್ತೋ ಅದು ಉಳೀತದೆ, ಅದೇ ಪರಿಣಾಮ ನಿಯಮ. ನೆನಪಿಟ್ಕೊಳ್ಳಿ, ಇಲಿ, ಪಾರಿವಾಳ ಇಟ್ಕೊಂಡು ಪ್ರಯೋಗ ಮಾಡಿದ ಅಮೆರಿಕದ ಸ್ಕಿನ್ನರ್ ಆಮೇಲೆ ಕಟ್ಟಿದ್ದೆಲ್ಲ ಈ ಅಡಿಪಾಯದ ಮೇಲೇ.

ಹುಡುಗನ ವಿಷಯಕ್ಕೆ ಬಂದೆ. ಹೊಸನಗರ ತಾಲ್ಲೂಕಲ್ಲಿ ಒಂದು ಶಾಲೆ, ಹೆಸರು ಬೇಡ. ಜುಲೈ ತಿಂಗಳು, ಮಳೆ ಅಂದ್ರೆ ನಿಮಗೆ ಗೊತ್ತಲ್ಲ, ಹಂಚಿನ ಮೇಲೆ ಬೀಳೋ ಸದ್ದಿಗೆ ನಾನು ಹೇಳಿದ್ದು ನನಗೇ ಕೇಳ್ತಿರ್ಲಿಲ್ಲ. ಈ ಹುಡುಗ ಹಿಂದಿನ ಬೆಂಚಲ್ಲಿ ಕೂತು ಚಾಕ್‌ಪೀಸ್ ಚೂರು ಎಸೆಯೋದು, ಕಪ್ಪೆ ಹಾಗೆ ಕೂಗೋದು. ನಾನು ಬೈತಿದ್ದೆ, ಕೇಳ್ದೆ ಹೋದ್ರೆ 'ನಡಿ ಆಚೆ' ಅಂತ ಜಗಲಿಗೆ ಕಳಿಸ್ತಿದ್ದೆ. ಹೊಡೀತಿರ್ಲಿಲ್ಲ ನಾನು, ಅದರ ಬಗ್ಗೆ ನಂಗೆ ಸ್ವಲ್ಪ ಹೆಮ್ಮೆನೂ ಇತ್ತು. ಮೂರು ವಾರ ಹೀಗೇ ಆಯ್ತು. ಒಂದಿನ ಚಾಕ್‌ಪೀಸ್ ತರೋಕೆ ಆಫೀಸಿಗೆ ಹೋಗ್ತಾ ಜಗಲಿ ಕಡೆ ನೋಡ್ದೆ. ಮಾಡಿಂದ ನೀರು ಸಾಲಾಗಿ ಬೀಳ್ತಿದೆ, ಅವನು ಒಂದು ಕಡ್ಡಿ ಇಟ್ಕೊಂಡು ಅಂಗಳದಲ್ಲಿ ಕಾಲುವೆ ತೋಡಿದಾನೆ, ಅಡಿಕೆ ಹಾಳೆ ಚೂರಲ್ಲಿ ದೋಣಿ ಮಾಡಿ ಬಿಟ್ಟಿದಾನೆ, ಬಿಸಿಯೂಟದ ಅಡುಗೆ ಅಕ್ಕ ಕಿಟಕಿಯಿಂದ ಕೈ ಚಾಚಿ ಅವನ ಅಂಗೈಗೆ ಕಾಯಿತುರಿ ಹಾಕ್ತಿದಾಳೆ. ನಂಗೆ ಸಿಟ್ಟು ಬರಬೇಕಿತ್ತು, ಹೊಟ್ಟೆಕಿಚ್ಚು ಬಂತು. ನಾನು ಕೊಟ್ಟಿದ್ದು ಶಿಕ್ಷೆ ಅಂತ ಮೂರು ವಾರ ನಂಬ್ಕೊಂಡಿದ್ದೆ ಮಾರಾಯ್ರೆ.

ಆವತ್ತು ರಾತ್ರಿ ಹಾಜರಿ ಪುಸ್ತಕ, ಪಾಠ ಟಿಪ್ಪಣಿ ಎರಡೂ ಇಟ್ಕೊಂಡು ಕೂತೆ. ಅವನನ್ನ ಹೊರಗೆ ಕಳಿಸಿದ ದಿನಗಳನ್ನ ನೆನಪು ಮಾಡಿ ಗುರುತು ಹಾಕ್ದೆ. ಕೋನ, ತ್ರಿಭುಜ ಇದ್ದ ದಿನ ಒಂದ್ಸಲನೂ ಇಲ್ಲ. ಕೂಡೋದು ಕಳೆಯೋದು ಇದ್ದಾಗ ಇಲ್ಲ. ಭಾಗಾಕಾರ ಬೋರ್ಡ್ ಮೇಲೆ ಬಂದ ದಿನ ಎಲ್ಲಾ ಅವನು ಜಗಲಿ ಮೇಲೆ. ಮಾರನೇ ದಿನ ಪಕ್ಕ ಕೂರಿಸ್ಕೊಂಡು ಕೇಳಿದ್ರೆ ಐದರ ಮಗ್ಗಿ ದಾಟಿ ಅವನಿಗೆ ಬರ್ತಿರ್ಲಿಲ್ಲ. ಎಲ್ಲರ ಎದುರು ಬೋರ್ಡಿಗೆ ಕರೆದುಬಿಟ್ರೆ ಏನು ಗತಿ? ಒಂದು ಕಪ್ಪೆ ಕೂಗು ಹಾಕಿದ್ರೆ ಸಾಕು, ಮೇಷ್ಟ್ರೇ ಬಾಗಿಲು ತೆಗೆದು ಕಳಿಸ್ತಾರೆ.

ಇಲ್ಲಿ ಒಂದು ಪ್ರಶ್ನೆ. ಋಣಾತ್ಮಕ ಪುನರ್ಬಲನ ಅಂದ್ರೆ ಶಿಕ್ಷೆ ಅಂತ ಪರೀಕ್ಷೆಯಲ್ಲಿ ಬರೆದವ್ರು ಕೈ ಎತ್ತಿ. ಪರವಾಗಿಲ್ಲ, ನಾನೂ ಬರೆದಿದ್ದೆ. ಶಿಕ್ಷೆ ಅಲ್ಲ ಅದು. ತೋಟಕ್ಕೆ ಹೋದಾಗ ಕಾಲಿಗೆ ಉಂಬಳ, ಅದೇ ರಕ್ತ ಹೀರೋ ಜಿಗಣೆ, ಹತ್ತುತ್ತೆ, ಉಪ್ಪು ಹಾಕ್ತೀವಿ, ಉದುರುತ್ತೆ. ಮುಂದಿನ ಸಲ ಉಪ್ಪಿನ ಪೊಟ್ಲೆ ಜೇಬಲ್ಲಿ ಇಟ್ಕೊಂಡೇ ಹೊರಡ್ತೀವಿ. ಕಷ್ಟ ತೊಲಗಿದ್ದೇ ಲಾಭ, ಆ ಲಾಭಕ್ಕೋಸ್ಕರ ಉಪ್ಪು ಹಾಕೋ ಅಭ್ಯಾಸ ಗಟ್ಟಿ ಆಯ್ತು. ಗಟ್ಟಿ ಆಗೋದು ಅನ್ನೋ ಮಾತು ಮುಖ್ಯ, ಶಿಕ್ಷೆಯಲ್ಲಿ ವರ್ತನೆ ಕಡಿಮೆ ಆಗಬೇಕು, ಇಲ್ಲಿ ಜಾಸ್ತಿ ಆಗುತ್ತೆ. ಆ ಹುಡುಗನಿಗೆ ಭಾಗಾಕಾರ ಉಂಬಳ, ಕಪ್ಪೆ ಕೂಗು ಉಪ್ಪು.

ಇನ್ನೊಂದು ಕಡೆಯಿಂದ ನೋಡಿ, ಇದು ಇನ್ನೂ ಮಜಾ ಇದೆ. ಕ್ಲಾಸ್ ಗಲಾಟೆ, ನೀವು ಟೇಬಲ್ ಬಡಿದು 'ಏಯ್' ಅಂತ ಕಿರುಚ್ತೀರಿ, ಒಂದು ಕ್ಷಣ ನಿಶ್ಶಬ್ದ. ಆ ಕ್ಷಣ ನಿಮಗೆ ಸಿಕ್ಕಿದ ಬಹುಮಾನ. ನಾಳೆ ಮತ್ತೆ ಕಿರುಚ್ತೀರಿ, ನಾಡಿದ್ದು ಇನ್ನೂ ಜೋರಾಗಿ. ಐದು ನಿಮಿಷಕ್ಕೆ ಗಲಾಟೆ ವಾಪಸ್ ಬರುತ್ತೆ ಅನ್ನೋದು ಲೆಕ್ಕಕ್ಕೆ ಬರಲ್ಲ, ಯಾಕಂದ್ರೆ ಕಿರುಚಿದ ಕೂಡ್ಲೇ ಏನಾಯ್ತು ಅನ್ನೋದಷ್ಟೇ ಕಲಿಸೋದು. ಮಕ್ಕಳು ಮೇಷ್ಟ್ರಿಗೆ ಕಿರುಚೋದು ಕಲಿಸ್ತಾರೆ, ಮೂವತ್ತು ವರ್ಷ ಸರ್ವೀಸ್ ಆದವರ ಗಂಟಲು ಕೇಳಿ, ಎಷ್ಟು ಚೆನ್ನಾಗಿ ಕಲಿಸಿದಾರೆ ಗೊತ್ತಾಗುತ್ತೆ.

ಹಾಗಾಗಿ ನಾನು ಒಂದು ನೋಟ್‌ಬುಕ್ ಇಡೋಕೆ ಶುರು ಮಾಡ್ದೆ, ಇನ್ನೂರು ಪೇಜಿಂದು, ಮೂರು ಗೆರೆ ಎಳೆದು. ಮುಂಚೆ ಏನು ನಡೀತಿತ್ತು, ಮಗು ಏನು ಮಾಡ್ತು, ಆದ ಕೂಡ್ಲೇ ಏನಾಯ್ತು. ಮೂರನೇ ಗೆರೆಯಲ್ಲಿ ಹತ್ತಕ್ಕೆ ಎಂಟು ಸಲ ನನ್ನ ಹೆಸರೇ ಬರ್ತಿತ್ತು. ನಾನು ನೋಡ್ದೆ, ನಾನು ಬೈದೆ, ನಾನು ಹತ್ರ ಹೋದೆ, ನಾನು ಕಳಿಸ್ದೆ. ಎಲ್ಲ ಮಕ್ಕಳಿಗೂ ಬರೆಯೋಕೆ ಹೋಗ್ಬೇಡಿ, ಸಾಯ್ತೀರಿ, ಈಗಾಗ್ಲೇ ಇರೋ ದಾಖಲೆ ಬರೆಯೋದ್ರಲ್ಲೇ ಅರ್ಧ ದಿನ ಹೋಗುತ್ತೆ. ಒಂದು ಮಗು, ಒಂದು ವರ್ತನೆ, ಎರಡು ವಾರ, ಅಷ್ಟೇ.

ಶಿಕ್ಷೆ ಬಗ್ಗೆ ಈಗ ಕಾನೂನೇ ಇದೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಸೆಕ್ಷನ್ 17, ಹೊಡೆಯೋದೂ ತಪ್ಪು, ಮಾನಸಿಕ ಕಿರುಕುಳನೂ ತಪ್ಪು. 'ಅದಕ್ಕೇ ಮಕ್ಕಳು ಹಾಳಾಗಿದ್ದು' ಅಂತ ಟೀ ಕುಡೀತಾ ಹೇಳೋರು ಇಲ್ಲೂ ಇದ್ದೀರಿ, ಗೊತ್ತು. ಕಾನೂನು ಪಕ್ಕಕ್ಕಿಡಿ, ಕೆಲಸ ಆಗುತ್ತಾ ಅಂತ ಮಾತ್ರ ನೋಡೋಣ. ಥಾರ್ನ್‌ಡೈಕ್ ಮೊದಲು ಬಹುಮಾನ, ಶಿಕ್ಷೆ ಎರಡಕ್ಕೂ ಸಮ ತೂಕ ಕೊಟ್ಟಿದ್ದ, 1930ರ ಸುಮಾರಿಗೆ ಅವನೇ ತನ್ನ ನಿಯಮ ತಿದ್ಕೊಂಡ, ಶಿಕ್ಷೆ ಅಷ್ಟೊಂದು ಕಲಿಸಲ್ಲ ಅಂತ. ನಮ್ಮ ತೋಟದ ಮಂಗಗಳನ್ನ ಕೇಳಿದ್ರೆ ಮೊದಲೇ ಹೇಳ್ತಿದ್ವು. ಗರ್ನಾಲು ಹೊಡೆದ್ರೆ ಮೊದಲನೇ ವಾರ ಓಡ್ತಾವೆ, ಎರಡನೇ ವಾರ ಪಕ್ಕದ ಮರಕ್ಕೆ ಹಾರಿ ಕೂರ್ತಾವೆ, ಮೂರನೇ ವಾರ ನೀವು ಊಟಕ್ಕೆ ಮನೆಗೆ ಹೋಗೋದನ್ನೇ ಕಾಯ್ತಾವೆ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆ ರೈತರೊಬ್ಬರು ನಾಯಿಗೆ ಹುಲಿ ಪಟ್ಟೆ ಬಳಿದು ಮಂಗ ಓಡಿಸಿದ್ದು ಪೇಪರಲ್ಲೆಲ್ಲ ಬಂದಿತ್ತು, ಬುದ್ಧಿವಂತಿಕೆ ಮೆಚ್ಚಬೇಕು, ಆದ್ರೆ ಅಲ್ಲೂ ಅಷ್ಟೇ, ನಾಯಿ ಇದ್ದಾಗ ಮಾತ್ರ. ಶಿಕ್ಷೆ ಕಲಿಸೋದು ಮೇಷ್ಟ್ರು ಎಲ್ಲಿದಾರೆ ಅನ್ನೋದನ್ನ. ನೀವು ಮೀಟಿಂಗಿಗೆ ಹೋದ ದಿನ ನಿಮ್ಮ ಕ್ಲಾಸ್ ಹೇಗಿರುತ್ತೆ? ಅದೇ ನಿಮ್ಮ ಶಿಸ್ತಿನ ರಿಸಲ್ಟ್.

ಹಾಗಾದ್ರೆ ಗಲಾಟೆ ಮಾಡಿದ್ರೆ ಸುಮ್ನಿರ್ಬೇಕಾ ಅಂತ ಕೇಳ್ತೀರಿ. 1968ರಲ್ಲಿ ಮ್ಯಾಡ್ಸನ್, ಬೆಕರ್, ಥಾಮಸ್ ಅನ್ನೋ ಮೂವರು ಇದನ್ನ ಕ್ಲಾಸಲ್ಲೇ ಪರೀಕ್ಷೆ ಮಾಡಿದ್ರು. ಮೊದಲು ಬರೀ ನಿಯಮ ಹೇಳಿಸಿದ್ರು, ಏನೂ ಆಗ್ಲಿಲ್ಲ. ಆಮೇಲೆ ತಪ್ಪು ಮಾಡಿದಾಗ ಕಂಡರೂ ಕಾಣದ ಹಾಗಿದ್ದು, ಸರಿ ಮಾಡಿದಾಗ ತಕ್ಷಣ ಹೊಗಳೋದು, ಎರಡೂ ಒಟ್ಟಿಗೆ ಸೇರಿಸಿದ್ರು, ಆಗ ಬದಲಾವಣೆ ಕಾಣಿಸ್ತು. ನಮ್ಮ ಗೋಡೆ ಮೇಲೆ 'ಮೌನವಾಗಿರಿ' ಅಂತ ಬೋರ್ಡ್ ಇರುತ್ತಲ್ಲ, ಅದರ ಕೆಳಗೇ ಕೂತು ಕಿರುಚ್ತಿರ್ತಾವೆ. ಆದ್ರೆ ಒಂದು ಎಚ್ಚರಿಕೆ, ಕಾಣದ ಹಾಗಿರೋಕೆ ಶುರು ಮಾಡಿದ ಮೊದಲ ಕೆಲವು ದಿನ ಗಲಾಟೆ ಜಾಸ್ತಿ ಆಗುತ್ತೆ. ಕರೆಂಟ್ ಹೋದಾಗ ನಾವು ಸ್ವಿಚ್ ಒಂದ್ಸಲ ಒತ್ತಿ ಬಿಡ್ತೀವಾ? ಟಕಟಕ ನಾಲ್ಕು ಸಲ ಒತ್ತಿ, ಜೋರಾಗಿ ಒಂದ್ಸಲ ಒತ್ತಿ, ಆಮೇಲೆ ಬಿಡೋದು. ಮಗುನೂ ಹಾಗೇ, ಇಷ್ಟು ದಿನ ಕೂಗಿದ್ರೆ ಮೇಷ್ಟ್ರು ತಿರುಗ್ತಿದ್ರು, ಇವತ್ಯಾಕೆ ತಿರುಗ್ಲಿಲ್ಲ ಅಂತ ಇನ್ನೂ ಜೋರಾಗಿ ಕೂಗಿ ನೋಡುತ್ತೆ. ಐದನೇ ದಿನ ನೀವು ತಾಳ್ಮೆ ಕಳ್ಕೊಂಡು ತಿರುಗಿದ್ರೆ ಮುಗೀತು, ಐದು ದಿನ ಕೂಗಬೇಕು ಅಂತ ಕಲಿಸಿದ ಹಾಗಾಯ್ತು. ಮತ್ತೆ ಒಬ್ಬರಿಗೊಬ್ಬರು ಹೊಡೆದಾಡೋದು, ಕಲ್ಲು ಎತ್ತೋದು ಇವನ್ನೆಲ್ಲ ಕಾಣದ ಹಾಗಿರ್ಬೇಡಿ, ಅಲ್ಲಿ ಥಿಯರಿ ಬಿಟ್ಟು ಮಧ್ಯ ಹೋಗಿ ನಿಲ್ಲಿ.

'ಕೂಡ್ಲೇ' ಅಂತ ಅವಾಗಿಂದ ಹೇಳ್ತಿದೀನಿ. ಒಂದ್ಸಲ ಮಕ್ಕಳನ್ನ ಸಕ್ರೆಬೈಲಿಗೆ ಕರ್ಕೊಂಡು ಹೋಗಿದ್ದೆ. ಮರಿ ಆನೆಗೆ ಕಾಲೆತ್ತೋದು ಅಭ್ಯಾಸ ಮಾಡಿಸ್ತಿದ್ರು. ಕಾಲು ನೆಲ ಬಿಟ್ಟ ಕ್ಷಣಕ್ಕೆ ಮಾವುತ ಬೆಲ್ಲದ ಚೂರು ಬಾಯಿಗೆ ಹಾಕ್ತಿದ್ದ. ಆಮೇಲೆ ಕೊಟ್ರೆ ಆಗಲ್ವಾ ಅಂದೆ. 'ಆಮೇಲೆ ಕೊಟ್ರೆ ಅದು ಕಾಲಿಳಿಸಿದ್ದಕ್ಕೆ ಕೊಟ್ರು ಅಂದ್ಕೊಳ್ಳುತ್ತೆ ಸಾರ್' ಅಂದ. ಬಿ.ಇಡಿಯಲ್ಲಿ ನಂಗೆ ಇಷ್ಟು ನೆಟ್ಟಗೆ ಯಾರೂ ಹೇಳಿರ್ಲಿಲ್ಲ. ಅಂಕುಶನೂ ಪಕ್ಕದಲ್ಲೇ ಇತ್ತು ಅನ್ನೋದನ್ನ ಮುಚ್ಚಿಡಲ್ಲ.

ಈಗ ನಮ್ಮ ಕಾಪಿ ತಿದ್ದೋದು ನೆನಪು ಮಾಡ್ಕೊಳ್ಳಿ. ಸೋಮವಾರ ಬರೆದ ಹೋಂವರ್ಕ್, ಮುಂದಿನ ಶುಕ್ರವಾರ ಕೆಂಪು ಇಂಕಲ್ಲಿ ಬರುತ್ತೆ. ಮಗುಗೆ ಆ ಲೆಕ್ಕ ಮಾಡಿದ್ದೇ ನೆನಪಿರಲ್ಲ. 1953ರ ನವೆಂಬರ್ 11ಕ್ಕೆ ಸ್ಕಿನ್ನರ್ ತನ್ನ ಮಗಳ ನಾಲ್ಕನೇ ಕ್ಲಾಸ್ ಗಣಿತ ಪಾಠ ನೋಡೋಕೆ ಪೋಷಕನಾಗಿ ಹೋಗಿ ಹಿಂದೆ ಕೂತಿದ್ದ. ಮಕ್ಕಳು ಲೆಕ್ಕ ಮಾಡ್ತಾ ಇದಾರೆ, ಕೆಲವು ಬೇಗ ಮುಗಿಸಿ ಸುಮ್ನೆ ಕೂತಿದಾವೆ, ಕೆಲವು ಒದ್ದಾಡ್ತಿದಾವೆ, ಸರಿಯೋ ತಪ್ಪೋ ಅಂತ ಒಬ್ಬರಿಗೂ ಆವತ್ತು ಗೊತ್ತಾಗಲ್ಲ. ತನ್ನ ಪಾರಿವಾಳಕ್ಕೆ ಸಿಕ್ಕೋ ಅನುಕೂಲ ತನ್ನ ಮಗಳಿಗೆ ಸಿಗ್ತಿಲ್ವಲ್ಲ ಅನ್ನೋ ಹಾಗಾಯ್ತು ಅವನಿಗೆ. ಮನೆಗೆ ಹೋಗಿ ಟೀಚಿಂಗ್ ಮಷೀನ್ ಮಾಡೋಕೆ ಕೂತ, ಒಂದು ಚಿಕ್ಕ ಪ್ರಶ್ನೆ, ಉತ್ತರ, ಸರಿ ಅಂತ ತಕ್ಷಣ ಗೊತ್ತಾದ್ರೆ ಮುಂದಿನ ಪ್ರಶ್ನೆ, ಅವರವರ ವೇಗದಲ್ಲಿ. ಆ ಮಷೀನ್ ಬಹಳ ದಿನ ನಡೀಲಿಲ್ಲ, ಆದ್ರೆ ಸಣ್ಣ ಮೆಟ್ಟಿಲು, ಅವರವರ ವೇಗ ಅನ್ನೋದು ಕೇಳಿದ್ರೆ ನಿಮಗೆ ಏನು ನೆನಪಾಗುತ್ತೆ? ನಲಿಕಲಿ ಏಣಿ, ನಮ್ಮ ಸರ್ಕಾರಿ ಶಾಲೆ ಚಿಕ್ಕ ಕ್ಲಾಸಿನ ಮಕ್ಕಳು ಆಡ್ತಾ ಮೆಟ್ಟಿಲು ಮೆಟ್ಟಿಲಾಗಿ ಕಲಿಯೋ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಬಂತಲ್ಲ ಅದು. ನಲಿಕಲಿ ಸ್ಕಿನ್ನರ್ ಹೇಳಿದ್ದಲ್ಲ, ಅದು ಆಂಧ್ರದ ರಿಷಿ ವ್ಯಾಲಿ ಶಾಲೆ ಕಡೆಯಿಂದ ಬಂದಿದ್ದು, ಅದರ ಬೇರು ಚಟುವಟಿಕೆ ಕಲಿಕೆಯಲ್ಲಿದೆ, ಎರಡನ್ನೂ ಒಂದೇ ಅಂದ್ರೆ ಇಲ್ಲಿರೋ ನಲಿಕಲಿ ಟೀಚರ್ಸ್ ನನ್ನ ಬಿಡಲ್ಲ. ಆದ್ರೆ ಒಂದು ಮೆಟ್ಟಿಲು ಹತ್ತಿದೆ ಅಂತ ಮಗುಗೆ ಆವತ್ತೇ ಕಾಣುತ್ತಲ್ಲ, ಅಲ್ಲಿ ಇಬ್ಬರೂ ಒಂದೇ ಕಡೆ ಬಂದು ಸೇರ್ತಾರೆ.

ನಾನು ಮಾಡಿದ್ದು ಇಷ್ಟು, ಹಳೇ ಮದುವೆ ಕಾಗದ ಕತ್ತರಿಸಿ, ಮುಂದೆ ಲೆಕ್ಕ ಹಿಂದೆ ಉತ್ತರ ಬರೆದೆ. ಮಕ್ಕಳೇ ಮಾಡಿ ಮಕ್ಕಳೇ ತಿರುಗಿಸಿ ನೋಡ್ತಿದ್ವು. ಮೊದಲೇ ಉತ್ತರ ನೋಡ್ಬಿಡಲ್ವಾ ಅಂತ ಕೇಳ್ತೀರಿ, ನೋಡ್ತಾವೆ. ಮಾರ್ಕ್ಸ್ ಇಲ್ಲ ಅಂತ ಗೊತ್ತಾದ ಮೇಲೆ ನೋಡೋದು ತಾನಾಗೇ ಕಡಿಮೆ ಆಯ್ತು, ಪೂರ್ತಿ ನಿಲ್ಲಲಿಲ್ಲ.

ಹೊಗಳೋದ್ರಲ್ಲೂ ನಾವು ಜಿಪುಣರು, ಹೊಗಳಿದ್ರೂ 'ಗುಡ್, ಗುಡ್, ವೆರಿಗುಡ್' ಅಂತ ರಬ್ಬರ್ ಸ್ಟ್ಯಾಂಪು. ಯಾವುದು ಗುಡ್? 'ದಶಕದಿಂದ ಸಾಲ ತಗೊಂಡಿದ್ದನ್ನ ಮೇಲೆ ಬರೆದಿಟ್ಕೊಂಡ್ಯಲ್ಲ, ಅದು ಚೆನ್ನಾಗಿ ಮಾಡ್ದೆ' ಅಂದ್ರೆ ನಾಳೆನೂ ಬರೆದಿಟ್ಕೊಳ್ಳುತ್ತೆ.

ಎಂಟನೇ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದ್ಲು, ಕ್ಲಾಸಲ್ಲಿ ಬಾಯೇ ಬಿಡ್ತಿರ್ಲಿಲ್ಲ. ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಪೇಪರ್ ಓದೋ ಸರದಿ ಬಂತು ಅಂದ್ರೆ ಆವತ್ತು ಜ್ವರ. ಪೀಟರ್‌ನ ಮೊಲ ನೆನಪಾಯ್ತು ನಂಗೆ. ಮೊದಲನೇ ವಾರ ಅವಳಿಗೆ ಕೊಟ್ಟ ಕೆಲಸ, ಓದೋಳ ಪಕ್ಕ ನಿಂತು ಗಾಳಿಗೆ ಪೇಪರ್ ಹಾರದ ಹಾಗೆ ಒಂದು ತುದಿ ಹಿಡ್ಕೊಳ್ಳೋದು, ಅಷ್ಟೇ. ಎಲ್ಲರ ಎದುರು ನಿಂತಾಯ್ತು, ಬಾಯಿ ಬಿಡೋ ಹಾಗಿಲ್ಲ. ಎರಡನೇ ವಾರ ತಾರೀಕು ಮತ್ತೆ ವಾರ ಮಾತ್ರ ಅವಳು ಹೇಳೋದು. 'ಇಂದು ಬುಧವಾರ' ಅಂದಿದ್ದು ಮುಂದಿನ ಸಾಲಿಗೂ ಕೇಳಿಸ್ಲಿಲ್ಲ. ನಾನು ಜೋರಾಗಿ ಅನ್ಲಿಲ್ಲ, ಹೋಗ್ತಾ ಪಕ್ಕದಲ್ಲಿ 'ತಾರೀಕು ಸರಿಯಾಗಿ ನೋಡ್ಕೊಂಡು ಬಂದಿದ್ದೆ' ಅಂದೆ. ಆಮೇಲೆ ಒಂದು ತಲೆಬರಹ, ಆಮೇಲೆ ಅಡಿಕೆ ರೇಟು. ಅಡಿಕೆ ರೇಟು ಓದಿದ ದಿನ ಏನಾಯ್ತು ಅಂದ್ರೆ, ರಾಶಿ ಇಷ್ಟು, ಬೆಟ್ಟೆ ಇಷ್ಟು ಅಂತ ಅವಳು ಹೇಳ್ತಿದ್ದ ಹಾಗೆ ಹಿಂದಿನ ಸಾಲಿನ ಹುಡುಗ್ರೆಲ್ಲ ಕಿವಿ ನಿಮಿರಿಸಿದ್ರು, ಮನೆಗೆ ಹೋಗಿ ಅಪ್ಪಂಗೆ ಹೇಳಬೇಕಲ್ಲ. 'ಇನ್ನೊಂದ್ಸಲ ಹೇಳೇ' ಅಂತ ಯಾರೋ ಕೂಗಿದ್ರು, ಇವಳು ಜೋರಾಗಿ ಹೇಳಿದ್ಲು. ನಾನು ಕೊಡೋ ಯಾವ ಬಹುಮಾನಕ್ಕಿಂತ ಅದು ದೊಡ್ಡದು. ಹಂತ ಹಂತವಾಗಿ ವರ್ತನೆ ರೂಪಿಸೋದು ಅಂತ ಪುಸ್ತಕದಲ್ಲಿರುತ್ತೆ, ಹಂತ ಎಷ್ಟು ಸಣ್ಣದಿರಬೇಕು ಅಂತ ಪುಸ್ತಕ ಹೇಳಲ್ಲ, ಅದು ನಿಮ್ಮ ಕಣ್ಣಳತೆ. ಅವಳಿಗೆ ಎರಡು ತಿಂಗಳು ಹಿಡೀತು.

ಪ್ರತಿ ಸಲ ಹೊಗಳ್ತಾನೇ ಇರಬೇಕಾ? ಶುರುವಲ್ಲಿ ಹೌದು. ಆಮೇಲೆ ಆಗೊಮ್ಮೆ ಈಗೊಮ್ಮೆ, ಯಾವಾಗ ಅಂತ ಗೊತ್ತಾಗದ ಹಾಗೆ. ಸ್ಕಿನ್ನರ್ ಮತ್ತೆ ಫರ್ಸ್ಟರ್ 1957ರಲ್ಲಿ ದಪ್ಪ ಪುಸ್ತಕನೇ ಬರೆದಿದಾರೆ ಇದರ ಮೇಲೆ. ನಿಮಗೆ ತುಂಗಾ ದಡದಲ್ಲಿ ಗಾಳ ಹಾಕ್ಕೊಂಡು ಕೂತೋರು ಸಾಕು. ಪ್ರತಿ ಸಲ ಮೀನು ಸಿಕ್ಕಿದ್ರೆ ಅದು ಕೂಲಿ ಕೆಲಸ, ಒಂದ್ಸಲನೂ ಸಿಗದೇ ಹೋದ್ರೆ ಎದ್ದು ಹೋಗ್ತಾರೆ, ಯಾವಾಗ ಸಿಗುತ್ತೋ ಗೊತ್ತಿಲ್ಲ ಅಂದಾಗ ಊಟನೂ ಮರೆತು ಕೂರ್ತಾರೆ. ನಿಮ್ಮ ಕೈಯಲ್ಲಿರೋ ಮೊಬೈಲ್ ಕೂಡ ಗಾಳನೇ, ಯಾರು ಮೀನು ಅಂತ ನಾನು ಹೇಳಲ್ಲ.

ಬಹುಮಾನದಲ್ಲಿ ನಾನು ಕೆಟ್ಟದಾಗಿ ಎಡವಿದ್ದು ಹೇಳ್ತೀನಿ. ಮಕ್ಕಳು ಲೈಬ್ರರಿ ಪುಸ್ತಕ ಓದಲಿ ಅಂತ ಒಂದು ಪುಸ್ತಕಕ್ಕೆ ಒಂದು ಚಿಕ್ಕಿ ಅಂತ ಘೋಷಣೆ ಮಾಡ್ದೆ, ನನ್ನ ಜೇಬಿಂದಾನೇ. ಒಂದು ವಾರದಲ್ಲಿ ಕಪಾಟು ಖಾಲಿ. ನಂಗೆ ಖುಷಿಯೋ ಖುಷಿ. ಆಮೇಲೆ ನೋಡಿದ್ರೆ ಹದಿನಾರು ಪುಟದ ತೆಳು ಪುಸ್ತಕ ಮಾತ್ರ ಓಡಾಡ್ತಿದಾವೆ, ದಪ್ಪ ಪುಸ್ತಕಕ್ಕೆ ಯಾರೂ ಕೈ ಹಾಕಲ್ಲ, ಮೊದಲು ಸುಮ್ನೆ ಓದ್ತಾ ಕೂರ್ತಿದ್ದ ಇಬ್ಬರು ಮೂವರೂ ಈಗ ಪುಟ ತಿರುವಿ ಓಡಿ ಬರ್ತಿದಾರೆ. ಚಿಕ್ಕಿ ನಿಲ್ಲಿಸ್ದೆ, ಓದೋದೂ ನಿಂತು ಹೋಯ್ತು, ಆ ಇಬ್ಬರು ಮೂವರದ್ದೂ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅನ್ನೋರು ನರ್ಸರಿ ಮಕ್ಕಳಲ್ಲಿ ಇದನ್ನೇ ತೋರಿಸಿದಾರೆ, ಬಣ್ಣದ ಪೆನ್ನಲ್ಲಿ ಚಿತ್ರ ಬರೆಯೋದು ಇಷ್ಟ ಇದ್ದ ಮಕ್ಕಳಿಗೆ 'ಬರೆದ್ರೆ ಸರ್ಟಿಫಿಕೇಟ್' ಅಂತ ಮೊದಲೇ ಹೇಳಿ ಕೊಟ್ರೆ, ಆಮೇಲೆ ಅವು ತಾವಾಗಿ ಚಿತ್ರ ಬರೆಯೋ ಹೊತ್ತು ಉಳಿದ ಮಕ್ಕಳ ಸುಮಾರು ಅರ್ಧಕ್ಕೆ ಇಳೀತು. ಹೇಳದೇ ಅಚ್ಚರಿಯಾಗಿ ಕೊಟ್ಟವ್ರಿಗೆ ಹಾಗಾಗಲಿಲ್ಲ. ತಾನಾಗೇ ಮಾಡ್ತಿರೋ ಮಗುಗೆ ಕೂಲಿ ಕೊಡೋಕೆ ಹೋಗ್ಬೇಡಿ. ಮಾಡೋಕೆ ಶುರುವೇ ಆಗದ ಕೆಲಸಕ್ಕೆ ಬೇಕಿದ್ರೆ ಕೊಡಿ, ಶುರುವಾದ ಮೇಲೆ ಮೆಲ್ಲಗೆ ಕೈ ಹಿಂದೆ ತಗೊಳ್ಳಿ.

ಇದ್ರಲ್ಲಿ ಎಲ್ಲಾ ಇದೆ ಅಂತ ನಾನು ಹೇಳ್ತಿಲ್ಲ. ಮಕ್ಕಳು ಯಾರೂ ಹೇಳಿಕೊಡದ ವಾಕ್ಯ ತಾವೇ ಕಟ್ತಾವೆ, ಬಹುಮಾನದಿಂದ ಭಾಷೆ ಬರುತ್ತೆ ಅಂದ್ರೆ ಹೇಗೆ ಅಂತ 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಸ್ಕಿನ್ನರ್‌ನ ಹಿಡಿದು ಜಾಡಿಸಿದ್ದ, ಅದು ಸರಿನೇ. ಮಗ್ಗಿ, ಕಾಗುಣಿತ, ಕೈ ಎತ್ತಿ ಮಾತಾಡೋದು, ಹೊತ್ತಿಗೆ ಸರಿಯಾಗಿ ಬರೋದು, ಹೆದರಿಕೆ ಬಿಡಿಸೋದು, ಇಲ್ಲೆಲ್ಲ ಇದು ಕೆಲಸಕ್ಕೆ ಬರುತ್ತೆ. ಭಾಗಾಕಾರ ಅಂದ್ರೆ ಏನು, ಯಾಕೆ ಹಾಗೆ ಮಾಡ್ತೀವಿ ಅನ್ನೋದಕ್ಕೆ ಬರಲ್ಲ, ಅಲ್ಲಿ ಹುಣಸೆ ಬೀಜ ಹಂಚಿಸೇ ಅರ್ಥ ಮಾಡಿಸ್ಬೇಕು.

ಟೀ ಬ್ರೇಕಲ್ಲಿ ಒಬ್ಬರು ಮೇಡಂ ಕೇಳಿದ್ರು, ನಮ್ಮದು ಏಕೋಪಾಧ್ಯಾಯ ಶಾಲೆ, ಒಂದರಿಂದ ಐದು, ಒಟ್ಟು ಹನ್ನೊಂದು ಮಕ್ಕಳು, ಕೂಡ್ಲೇ ಕೂಡ್ಲೇ ಅಂತೀರಿ, ಐದು ಕ್ಲಾಸಿಗೂ ಕೂಡ್ಲೇ ಹೇಗೆ ಕೊಡೋದು ಅಂತ. ಎಲ್ಲಾ ನೀವೇ ಕೊಡೋಕೆ ಆಗಲ್ಲ ಮೇಡಂ. ಉತ್ತರ ಹಿಂದಿರೋ ಕಾರ್ಡ್ ಕೊಡುತ್ತೆ, ದೊಡ್ಡ ಮಕ್ಕಳು ಚಿಕ್ಕವ್ರಿಗೆ ಕೊಡ್ತಾರೆ, ಮತ್ತೆ ಮಗುಗೆ ಏನು ಇಷ್ಟ ಅಂತ ನೋಡ್ಕೊಂಡ್ರೆ ಅದೂ ಕೊಡುತ್ತೆ. ಪ್ರೀಮ್ಯಾಕ್ ಅಂತ ಒಬ್ಬ ಇದನ್ನ 1959ರಲ್ಲಿ ಸಿದ್ಧಾಂತ ಮಾಡಿದ, ಮಗು ತಾನಾಗೇ ಜಾಸ್ತಿ ಮಾಡೋ ಕೆಲಸನ ಕಡಿಮೆ ಮಾಡೋ ಕೆಲಸದ ಹಿಂದೆ ಇಡಿ ಅಂತ. ನಮ್ಮ ಅಜ್ಜಿ 'ಮಿಂದು ಬಾ, ಕಡುಬು ಕೊಡ್ತೀನಿ' ಅಂತಿದ್ದದ್ದೂ ಅದೇ.

ಜಗಲಿ ಹುಡುಗನಿಗೂ ನಾನು ಕೊನೆಗೆ ಅದನ್ನೇ ಮಾಡಿದ್ದು. ಮೊದಲು ಮಗ್ಗಿ, ಆರರಿಂದ, ಒಂದು ವಾರಕ್ಕೆ ಒಂದು. ಬೋರ್ಡಿಗೆ ಕರೆಯೋದು ನಿಲ್ಲಿಸ್ದೆ. ದಿನಕ್ಕೆ ಐದೇ ಭಾಗಾಕಾರ, ಅವನ ಮಟ್ಟದ್ದು, ಕಾರ್ಡ್ ತಿರುಗಿಸಿ ನೋಡ್ಕೊಳ್ಳೋದು, ಐದು ಮುಗಿದ್ರೆ ಹತ್ತು ನಿಮಿಷ ಜಗಲಿ. ಕಾಲುವೆ ತೋಡು, ದೋಣಿ ಬಿಡು, ನಿನ್ನಿಷ್ಟ. ಮೊದಲನೇ ದಿನ ಅವನು ನಂಬ್ಲಿಲ್ಲ, ಬಾಗಿಲ ಹತ್ರ ನಿಂತು 'ಸಾ, ಬೈಯಲ್ವಾ?' ಅಂತ ಕೇಳ್ದ. ಎರಡನೇ ವಾರಕ್ಕೆ ಉಳಿದವ್ರು ಶುರು ಮಾಡಿದ್ರು, ಅವನಿಗೊಂದು ನಮಗೊಂದಾ ಅಂತ. ಸರಿ ನೀವೂ ಮುಗಿಸಿ ಹೋಗಿ ಅಂದೆ. ಒಂದಿನ ಹೆಡ್‌ಮಾಸ್ಟ್ರು ಛತ್ರಿ ಮಡಚ್ತಾ ಬಂದು ನೋಡ್ತಾರೆ, ಒಳಗೆ ನಾನು ಮತ್ತೆ ನಾಲ್ಕು ಮಕ್ಕಳು, ಉಳಿದ ಕ್ಲಾಸೆಲ್ಲ ಮಾಡಿನ ನೀರಿಗೆ ಕೈ ಒಡ್ಡಿ ನಿಂತಿದೆ. 'ಎಂತ ಮಾರಾಯ್ರೆ, ಇವತ್ತು ಪಾಠ ಇಲ್ವಾ?' ಅಂದ್ರು. ನಾನು ಡೆಸ್ಕ್ ಮೇಲಿದ್ದ ಇಪ್ಪತ್ತೆರಡು ಸ್ಲೇಟು ತೋರಿಸ್ದೆ.